ಸೂಪರ್‌ವೈಸರ್ ಮಾರ್ಚ್‌ಗೆ ನಿವೃತ್ತಿ. ಅವರ ಜಾಗಕ್ಕೆ ಯಾರನ್ನು, ಹೇಗೆ ತಯಾರು ಮಾಡಲಿ?

ಪೀಣ್ಯ ಲೇತ್

ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಆರು ಸಿಎನ್‌ಸಿ ಲೇತ್ (ಕಂಪ್ಯೂಟರಿನಿಂದ ನಡೆಯುವ ಲೇತ್), ಮೂರು ವಿಎಂಸಿ (ಅದೇ ರೀತಿಯ ಮಿಲ್ಲಿಂಗ್ ಮೆಷಿನ್), ಎರಡು ಶಿಫ್ಟ್ ಸೇರಿ 34 ಜನ. ಪಂಪಿನ ಬಿಡಿಭಾಗ ಮಾಡುತ್ತೇವೆ.

ನಮ್ಮ ಸೂಪರ್‌ವೈಸರ್ ಅಪ್ಪನ ಕಾಲದಿಂದ ಇದ್ದವರು. ಮೆಷಿನ್ ಬಾಗಿಲ ಮೇಲೆ ಕೈ ಇಟ್ಟರೆ ಸಾಕು, ಒಳಗೆ ಲೋಹ ಕತ್ತರಿಸುವ ಇನ್ಸರ್ಟ್ ಸವೆದಿದೆ ಎಂದು ಹೇಳುತ್ತಾರೆ. ಮಾರ್ಚ್‌ಗೆ ಅವರಿಗೆ 60 ತುಂಬುತ್ತದೆ. ಅವರ ತಲೆಯಲ್ಲಿರುವುದು ಎಲ್ಲೂ ಬರೆದಿಟ್ಟಿಲ್ಲ.

ಮೂರು ವರ್ಷದ ಹಿಂದೆ ಹೊಸ ಜಾಬಿಗೆ ಮೆಷಿನ್ ಹೊಂದಿಸುವ ನಮ್ಮ ಒಳ್ಳೆ ಸೆಟ್ಟರ್ ಒಬ್ಬನನ್ನು ಎರಡನೇ ಶಿಫ್ಟಿಗೆ ಸೂಪರ್‌ವೈಸರ್ ಮಾಡಿದ್ದೆ. ಸೋಮವಾರ ಕರೆದು, ಸಂಬಳ ಜಾಸ್ತಿ ಮಾಡಿ, ‘ಇವತ್ತಿಂದ ನೀನೇ ನೋಡ್ಕೋ’ ಅಂದೆ. ಅಷ್ಟೇ. ಪಾಪ, ಎಲ್ಲ ಮೆಷಿನ್ನಿಗೂ ತಾನೇ ಓಡುತ್ತಿದ್ದ. ಇನ್ನೊಬ್ಬರ ಕೈಲಿ ಮಾಡಿಸಲು ಬರುತ್ತಿರಲಿಲ್ಲ. ಐದು ತಿಂಗಳಿಗೆ ಕೆಲಸ ಬಿಟ್ಟ. ತಪ್ಪು ನನ್ನದೇ.

ಈಗ ಇಬ್ಬರು ಕಣ್ಣೆದುರು ಇದ್ದಾರೆ. ಒಬ್ಬ ಐಟಿಐ ಹುಡುಗ. ಬಂದು ಒಂಬತ್ತು ವರ್ಷ, ಕೆಲಸ ಚೊಕ್ಕ, ಮಾತು ಕಡಿಮೆ. ಇನ್ನೊಬ್ಬಳು ಡಿಪ್ಲೊಮಾ ಮಾಡಿದ ಹುಡುಗಿ. ಕ್ವಾಲಿಟಿಯಲ್ಲಿ ಎರಡು ವರ್ಷದಿಂದ ಇದ್ದಾಳೆ, ಡ್ರಾಯಿಂಗ್ ಓದುವುದರಲ್ಲಿ ಚುರುಕು. ಎಂಟು ತಿಂಗಳು ಕೈಯಲ್ಲಿದೆ. ಏನು ಮಾಡಲಿ?

ಹಳೇ ಫೋರ್‌ಮನ್

ಸರ್, ನಾನು ಜಾಲಹಳ್ಳಿ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿ ಫೋರ್‌ಮನ್ ಆಗಿ ಹೊರಬಂದವನು. 1953ರಲ್ಲಿ ಶುರುವಾದ ಕಾರ್ಖಾನೆ ಅದು. ನಿಮ್ಮ ಪೀಣ್ಯದ ಎಷ್ಟೋ ಶಾಪುಗಳಲ್ಲಿ ಅಲ್ಲಿ ಪಳಗಿದ ಕೈಗಳು ದುಡಿದಿವೆ.

ನನ್ನದೊಂದು ವಿಷಯ ಹೇಳುತ್ತೇನೆ. ಆಗ ನಾನಿನ್ನೂ ಹೊಸಬ. ಒಂದು ಮಧ್ಯಾಹ್ನ 22 ಪೀಸಿನ ಬೋರ್ (ಒಳಗಿನ ತೂತು) ಓವರ್‌ಸೈಜ್ ಮಾಡಿಬಿಟ್ಟೆ. ನಮ್ಮ ಫೋರ್‌ಮನ್ ಬಂದರು, ನೋಡಿದರು, ಒಂದು ಪೀಸ್ ಎತ್ತಿಕೊಂಡು ಸುಮ್ನೆ ಹೋದರು. ಶಿಫ್ಟ್ ಮುಗಿದು ಎಲ್ಲ ಹೋದ ಮೇಲೆ ತೂತು ಅಳೆಯುವ ಬೋರ್ ಗೇಜನ್ನೂ, ಅದರ ಝೀರೋ ಸರಿಯಿದೆಯೇ ಎಂದು ನೋಡುವ ಮಾಸ್ಟರ್ ರಿಂಗನ್ನೂ ಮುಂದಿಟ್ಟು ‘ಅಳೆದು ತೋರಿಸು’ ಎಂದರು. ಟೀ ಕುಡಿದು ಬಂದವನು ರಿಂಗಿನಲ್ಲಿ ಮತ್ತೆ ಝೀರೋ ನೋಡಿರಲಿಲ್ಲ, ಡಯಲ್ ಜರುಗಿತ್ತು. ಬೈಯಲಿಲ್ಲ. ‘ನಾಳೆ ಹೊಸ ಹುಡುಗರಿಗೆ ಇದನ್ನು ನೀನೇ ಕಲಿಸು’ ಎಂದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ನನಗೆ. ಆದರೆ ಕಲಿಸಿದೆ.

ಯಾರು ಎಂದು ಈಗಲೇ ತೀರ್ಮಾನ ಮಾಡಬೇಡಿ. ಇಬ್ಬರಿಗೂ ಸಣ್ಣದಾದರೂ ಪೂರ್ತಿ ಜವಾಬ್ದಾರಿ ಕೊಡಿ. ಎರಡು ಲೇತ್ ಕೊಟ್ಟರೆ ಯಾವ ಜಾಬ್ ಮೊದಲು, ಯಾರು ಯಾವ ಮೆಷಿನ್ನಿಗೆ, ಯಾರಿಗೆ ರಜೆ, ಎಲ್ಲ ಅವರದ್ದೇ ಮಾತು. ಶನಿವಾರ ನಿಮ್ಮ ಸೂಪರ್‌ವೈಸರ್ ಆಫೀಸಿನಲ್ಲೇ ಕೂತಿರಲಿ. ಕೇಳಿದರೆ ಮಾತ್ರ ಹೇಳಲಿ.

ಕಲಿಸುವುದಕ್ಕೂ ಒಂದು ಕ್ರಮ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಮೇಸ್ತ್ರಿಗಳಿಗೆಂದೇ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಎಂಬ ತರಬೇತಿ ಶುರುವಾಯಿತು. ಆಮೇಲೆ ಜಪಾನಿಗೆ ಹೋಗಿ ಟೊಯೋಟಾದಂಥ ಕಡೆ ಬೇರೂರಿತು. ಮೊದಲು ಕಲಿಯುವವರ ಅಂಜಿಕೆ ಬಿಡಿಸಬೇಕು. ಮಾಡಿ ತೋರಿಸುತ್ತಾ ಯಾಕೆ ಅಂತಲೂ ಹೇಳಬೇಕು. ಅವರ ಕೈಲಿ ಮಾಡಿಸಿ, ಬಾಯಲ್ಲೂ ಹೇಳಿಸಬೇಕು. ಆಮೇಲೆ ಕೆಲಸ ಬಿಟ್ಟುಕೊಟ್ಟು ಆಗಾಗ ಬಂದು ನೋಡಬೇಕು. ಮಾತು ಕಡಿಮೆ ಇರುವ ನಿಮ್ಮ ಹುಡುಗನಿಗೆ ಇದು ಸರಿಹೋಗುತ್ತದೆ. ಭಾಷಣ ಬೇಕಾಗಿಲ್ಲ ನೋಡಿ.

ಮದ್ದೂರು ಟೈಲರ್

ಸರ್, ನಾನು ಗಾರ್ಮೆಂಟ್ಸಿನಲ್ಲಿ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಲೈನ್ ಸೂಪರ್‌ವೈಸರ್. ಸೂಪರ್‌ವೈಸರ್ ಆದ ದಿನ ನನ್ನ ಕೈಗೆ ಬಂದಿದ್ದು ಗಂಟೆಗಂಟೆಗೆ ಪೀಸ್ ಲೆಕ್ಕ ಬರೆಯುವ ಬೋರ್ಡ್ ಮಾತ್ರ. ಹಿಂದಿನ ದಿನದವರೆಗೂ ಜೊತೆಗೆ ಬುತ್ತಿ ಬಿಚ್ಚುತ್ತಿದ್ದವರು ಮರುದಿನ ಬೇರೆ ಕಡೆ ಕೂತರು. ಪೀಸ್ ಕಮ್ಮಿ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬೈಯುವುದನ್ನು ನೋಡಿದ್ದೆ, ನಾನೂ ಬೈದೆ. ಕಾಲರ್ ಕೂರಿಸುವವಳು ಅತ್ತುಬಿಟ್ಟಳು. ಮಗುವಿಗೆ ಜ್ವರ, ಎರಡು ರಾತ್ರಿ ನಿದ್ದೆ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಬೇಸರ ಇನ್ನೂ ಹೋಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕೆಲಸ ಹಿಂದೆ ಬಿದ್ದಾಗ ಮೊದಲು ಹೇಗೆ ಕೇಳಬೇಕು ಅನ್ನುವುದನ್ನೂ ಕಲಿಸಿ.

ಇನ್ನು ಆ ಹುಡುಗಿ ವಿಷಯ. ನಿಮ್ಮಲ್ಲಿ ಗಂಡಸರೇ ಜಾಸ್ತಿ ಅಲ್ವಾ? ಜವಾಬ್ದಾರಿ ಕೊಡುವ ದಿನ ನೀವೇ ನಿಂತು ಎಲ್ಲರ ಮುಂದೆ ಹೇಳಿ. ಅವಳು ರಿಜೆಕ್ಟ್ ಅಂದ ಪೀಸನ್ನು ಅರ್ಜೆಂಟ್ ಅಂತ ನೀವೇ ಗಾಡಿಗೆ ಹಾಕಿಸಿದರೆ, ಮಾರನೇ ದಿನದಿಂದ ಅವಳ ಮಾತು ಯಾರೂ ಕೇಳುವುದಿಲ್ಲ.

ಪೀಣ್ಯ ಲೇತ್

ಫೋರ್‌ಮನ್ ಸರ್, ಅಕ್ಕ, ಇಬ್ಬರಿಗೂ ತುಂಬಾ ಧನ್ಯವಾದ. ಕಳೆದ ಶನಿವಾರ ಮಾಡಿ ನೋಡಿದೆ. ಸೂಪರ್‌ವೈಸರ್ ಆಫೀಸಿನಲ್ಲಿ ಕೂತು ನಾಲ್ಕು ಸಲ ಎದ್ದರು, ನಾಲ್ಕು ಸಲವೂ ತಾವೇ ಕೂತರು. ಹುಡುಗ ಸೆಟ್ಟಿಂಗನ್ನು ಹೊಸ ಆಪರೇಟರ್ ಕೈಲಿ ಮಾಡಿಸಿದ. ಪಕ್ಕದಲ್ಲೇ ನಿಂತು, ಒಂದೊಂದು ಹೆಜ್ಜೆಗೂ ‘ಈಗ ಏನು ಮಾಡ್ತಿದ್ದೀಯಾ, ಹೇಳು’ ಎನ್ನುತ್ತಿದ್ದ. ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಸಂಜೆಗೆ 40 ಪೀಸ್ ಕಮ್ಮಿ ಬಂತು. ನಾನು ಏನೂ ಅನ್ನಲಿಲ್ಲ.

ಈ ಶನಿವಾರ ಹುಡುಗಿಯ ಸರದಿ. ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ನಾನೇ ಹೇಳುತ್ತೇನೆ.

ಸೂಪರ್‌ವೈಸರ್ ತಾವಾಗಿಯೇ ಒಂದು ನೋಟ್‌ಬುಕ್ ತರಿಸಿಕೊಂಡಿದ್ದಾರೆ. ಮೊದಲ ಪುಟದಲ್ಲಿ ಬರೆದಿರುವುದು: ‘3ನೇ ಲೇತ್. ಬೆಳಗ್ಗೆ ಮೆಷಿನ್ ತಣ್ಣಗಿರುತ್ತದೆ. ಮೊದಲ ಐದು ಪೀಸ್ ಒಂದೊಂದನ್ನೂ ಅಳೆಯಿರಿ.’