ಹಳೆಯ ಕೇಪಿನ ಕೋವಿಗೆ ಬಿಡಿಭಾಗ: ನಿಪಲ್, ಮೇನ್‌ಸ್ಪ್ರಿಂಗ್, ಗಜ

ಕರಿಮದ್ದು (ಪ್ರಶ್ನೆ)

ಬಾಯಿಯಿಂದ ಮದ್ದು ತುಂಬುವ .50 ಕ್ಯಾಲಿಬರ್ ಕೇಪಿನ ರೈಫಲ್. ಹಾಕೆನ್ ಎಂಬ ಹಳೆಯ ಅಮೆರಿಕನ್ ರೈಫಲ್‌ನ ಮಾದರಿ, ಎಂಟುಮೂಲೆಯ ನಳಿಕೆ, ನಳಿಕೆಯ ಬದಿಯಲ್ಲಿ ಡ್ರಮ್ (ಉರುಟಾದ ಲೋಹದ ತುಂಡು), ಅದರ ಮೇಲೆ ನಿಪಲ್, ಅಂದರೆ ಕೇಪು ಕೂರಿಸುವ ತೂತಿನ ಮೊಳೆ. ತಯಾರಕರ ಹೆಸರು ಅಳಿಸಿಹೋಗಿದೆ, ನಳಿಕೆಯ ಮೇಲೆ ‘ಸ್ಪೇನ್’ ಎಂಬುದಷ್ಟೇ ಓದಲು ಬರುತ್ತದೆ. ನಿಪಲ್‌ನ ತೂತು ಸುಟ್ಟು ಅಗಲವಾಗಿದ್ದು, ಪ್ರತಿ ಈಡಿಗೂ ಹ್ಯಾಮರ್ ಹಿಂದಕ್ಕೆ ಎಗರುತ್ತದೆ. ಹ್ಯಾಮರನ್ನು ನಡೆಸುವ ಲಾಕ್‌ನ ಎಲೆ ಸ್ಪ್ರಿಂಗ್ (ಮೇನ್‌ಸ್ಪ್ರಿಂಗ್) ಬಾಗಿನಲ್ಲಿ ಬಿರುಕು ಬಿಟ್ಟಿದೆ. ಹ್ಯಾಮರನ್ನು ಅರ್ಧ ಎಳೆದು ನಿಲ್ಲಿಸುವ ಹಾಫ್ ಕಾಕ್ ಕೆಲವೊಮ್ಮೆ ನಿಲ್ಲುತ್ತದೆ, ಕೆಲವೊಮ್ಮೆ ಜಾರುತ್ತದೆ. ಈಡು ಗಿಡಿಯುವ ಗಜದ ಹಿತ್ತಾಳೆ ತುದಿಯೂ ಇಲ್ಲ. ಹೆಸರೇ ಗೊತ್ತಿಲ್ಲದ ಕೋವಿಗೆ ಬಿಡಿಭಾಗ ಹುಡುಕುವುದನ್ನು ಎಲ್ಲಿಂದ ಶುರು ಮಾಡಬೇಕು? ಹಾಫ್ ಕಾಕ್‌ನ ಕಚ್ಚನ್ನು ಅರದಿಂದ ತಿದ್ದಬಹುದೇ?

ಅಳತೆಗೋಲು

ಕಚ್ಚಿಗೆ ಅರ ಮುಟ್ಟಿಸಬೇಡಿ, ಕಾರಣ ಮುಂದೆ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ನಳಿಕೆ ಖಾಲಿಯಿದೆಯೇ ನೋಡಿ. ಗಜವನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಅಂಚಿಗೆ ಗುರುತು ಹಾಕಿ, ಹೊರತೆಗೆದು ನಳಿಕೆಯ ಪಕ್ಕದಲ್ಲೇ ಹಿಡಿಯಿರಿ. ತುದಿ ಡ್ರಮ್‌ನ ನೇರಕ್ಕೆ ಬಂದರೆ ಖಾಲಿ. ನಾಲ್ಕೈದು ಸೆಂ.ಮೀ. ಮುಂದೆಯೇ ನಿಂತರೆ ಒಳಗೆ ಹಳೆಯ ಈಡು ಇದೆ ಎಂದೇ ತಿಳಿಯಿರಿ. ಹಳೆಯ ಕೋವಿಗಳಲ್ಲಿ ಇದು ಅಪರೂಪವಲ್ಲ. ವರ್ಷಗಟ್ಟಲೆ ಒಳಗಿದ್ದರೂ ಕರಿಮದ್ದು ಒಣಗಿದ್ದರೆ ಹೊತ್ತಿಕೊಳ್ಳುತ್ತದೆ.

ಹೆಸರಿನ ಚಿಂತೆ ಬಿಡಿ, ಬಿಡಿಭಾಗ ಕೂರುವುದು ಅಳತೆಯ ಮೇಲೆ. ಆದರೂ ಸ್ಪೇನ್ ಎಂಬ ಸುಳಿವು ದೊಡ್ಡದು. ಸಿವಿಎ, ಟ್ರೆಡಿಷನ್ಸ್ ಹೆಸರಿನಲ್ಲಿ ಮಾರಾಟವಾದ ಸೈಡ್‌ಲಾಕ್ ರೈಫಲ್‌ಗಳಲ್ಲಿ ಬಹಳಷ್ಟು ಸ್ಪೇನ್‌ನ ಜುಕಾರ್, ಅರ್ದೆಸಾ ಕಾರ್ಖಾನೆಗಳಲ್ಲಿ ತಯಾರಾದವು. ಅವುಗಳ ನಿಪಲ್ ಥ್ರೆಡ್ ಸಾಮಾನ್ಯವಾಗಿ ಎಂ6×1 (6 ಮಿ.ಮೀ. ವ್ಯಾಸ, ಥ್ರೆಡ್‌ನಿಂದ ಥ್ರೆಡ್‌ಗೆ 1 ಮಿ.ಮೀ.). ನೋಡಲು ಹಾಗೆಯೇ ಇರುವ, ಅಮೆರಿಕದ ಥಾಮ್ಸನ್ ಸೆಂಟರ್ ಕಂಪನಿಯ ಹಾಕೆನ್‌ನದು 1/4-28 (ಕಾಲಿಂಚು ವ್ಯಾಸ, ಇಂಚಿಗೆ 28 ಥ್ರೆಡ್). ಇವೆರಡನ್ನು ಅದಲುಬದಲು ಮಾಡುವುದೇ ಈ ಕೆಲಸದಲ್ಲಿ ಅತಿ ಅಪಾಯದ ತಪ್ಪು. 1/4-28 ತೂತಿಗೆ ಎಂ6 ನಿಪಲ್ ಕೆಲವು ಸುತ್ತು ಹೋಗಿ ಬಿಗಿಯಾದಂತೆ ಅನಿಸುತ್ತದೆ, ಆದರೆ ಹಿಡಿತವೇ ಇರುವುದಿಲ್ಲ. ಈಡು ಹಾರಿದಾಗ ಅದು ಸಿಡಿದು ನಿಮ್ಮ ಮುಖದ ಕಡೆಗೇ ಬರಬಹುದು.

ಹಳೆಯ ನಿಪಲ್ ಬಿಚ್ಚಿ ಕ್ಯಾಲಿಪರ್‌ನಿಂದ ಅಳೆಯಿರಿ. ಹೊರವ್ಯಾಸ 5.9 ಮಿ.ಮೀ. ಆಸುಪಾಸಿದ್ದರೆ ಎಂ6, 6.3 ಆಸುಪಾಸಿದ್ದರೆ 1/4 ಇಂಚು. ವ್ಯಾಸವೊಂದನ್ನೇ ನಂಬಬೇಡಿ, ಪಿಚ್ (ಥ್ರೆಡ್‌ಗಳ ನಡುವಿನ ಅಂತರ) ಕೂಡ ನೋಡಿ. ಒಂದು ಥ್ರೆಡ್‌ನ ತುದಿಯಿಂದ ಮುಂದಿನ ಐದನೆಯದರ ತುದಿಗೆ 5 ಮಿ.ಮೀ. ಬಂದರೆ ಪಿಚ್ 1, 3.75 ಬಂದರೆ 0.75, ಸುಮಾರು 4.5 ಬಂದರೆ ಇಂಚಿನ 28. ಅಂಟಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಸರಿಯಾಗಿ ಕೂರುವ ನಿಪಲ್ ವ್ರೆಂಚ್‌ನಿಂದಲೇ ತಿರುಗಿಸಿ. ಇಕ್ಕಳ ಹಾಕಿದರೆ ಅಂಚು ಉರುಟಾಗಿ ಕೆಲಸ ದುಪ್ಪಟ್ಟಾಗುತ್ತದೆ.

ಚಾಪೆಲೆ

ಸ್ಪ್ರಿಂಗ್ ಬಗ್ಗೆ. ‘ಹಾಕೆನ್ ಮೇನ್‌ಸ್ಪ್ರಿಂಗ್’ ಎಂದು ಕೇಳಿ ತರಿಸಿದರೆ ಹತ್ತರಲ್ಲಿ ಒಂಬತ್ತು ಕೂರುವುದಿಲ್ಲ. ಥಾಮ್ಸನ್ ಸೆಂಟರ್ ಲಾಕ್‌ನಲ್ಲಿ ಇರುವುದೇ ಸುರುಳಿ ಸ್ಪ್ರಿಂಗ್. ಲಾಕ್ ಬಿಚ್ಚಿ, ಒಳಬದಿ ಮೇಲಾಗಿ ಇಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿನಿಂದ ಚಿತ್ರ ತೆಗೆಯಿರಿ. ಮಾರುವವರಿಗೆ ಬೇಕಾದದ್ದು ಲಾಕ್ ಪ್ಲೇಟ್‌ನ ಉದ್ದ, ಸ್ಪ್ರಿಂಗ್‌ನ ಉದ್ದ ಮತ್ತು ಅಗಲ, ಪ್ಲೇಟಿಗೆ ಕೂರುವ ಪಿನ್ನಿನ ಜಾಗ, ಟಂಬ್ಲರನ್ನು (ಹ್ಯಾಮರ್ ಜೊತೆ ತಿರುಗುವ, ಕಚ್ಚುಗಳಿರುವ ಒಳತುಂಡು) ಹಿಡಿಯುವ ಕೊಕ್ಕಿನ ಆಕಾರ.

ಬಿರುಕು ಬಿಟ್ಟ ಸ್ಪ್ರಿಂಗ್ ತೆಗೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಹ್ಯಾಮರ್ ಫುಲ್ ಕಾಕ್‌ನಲ್ಲಿದ್ದಾಗ, ಅಂದರೆ ಪೂರ್ತಿ ಎಳೆದು ನಿಂತಾಗ, ಸ್ಪ್ರಿಂಗ್ ವೈಸ್ ಎಂಬ ಪುಟ್ಟ ಹಿಡಿಕೆ ಕಚ್ಚಿಸಿ, ಎಲೆಗಳು ಅಲುಗದಷ್ಟೇ ಬಿಗಿ ಮಾಡಿ, ಆಮೇಲೆ ಹ್ಯಾಮರನ್ನು ಬೆರಳಿನಲ್ಲಿ ಹಿಡಿದು ಇಳಿಸಿ. ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಎರಡೂ ಎಲೆ ಒಂದಕ್ಕೊಂದು ತಾಗುವಷ್ಟು ಒತ್ತಲೂ ಬೇಡಿ, ಹೊಸ ಸ್ಪ್ರಿಂಗ್‌ಗಳು ಮುರಿಯುವುದು ಹೆಚ್ಚಾಗಿ ಹಾಗೆಯೇ.

ಹೊಂದುವುದು ಸಿಗದಿದ್ದರೆ 1075 ಅಥವಾ 1095 ಸ್ಪ್ರಿಂಗ್ ಉಕ್ಕಿನಿಂದ ಮಾಡಿಸಬಹುದು. ಪಾಲಿಶ್ ಗೆರೆಗಳು ಉದ್ದಕ್ಕೆ ಇರಬೇಕು, ಅಡ್ಡಗೆರೆಯೊಂದು ಉಳಿದರೂ ಬಿರುಕು ಅಲ್ಲಿಂದಲೇ ಶುರು. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವುದು, ಆಮೇಲೆ ನೀಲಿ ಬಣ್ಣ ಬರುವವರೆಗೆ, ಅಂದರೆ ಸುಮಾರು 300 ಡಿಗ್ರಿಗೆ, ಟೆಂಪರ್ ಮಾಡುವುದು (ಮತ್ತೆ ಕಾಯಿಸಿ ಪೆಡಸು ಇಳಿಸುವುದು). ಟೆಂಪರ್ ಮಾಡದ ಸ್ಪ್ರಿಂಗ್ ಮೊದಲ ಸಲ ಒತ್ತಿದಾಗಲೇ ಚೂರಾಗುತ್ತದೆ.

ಒಂದೊಂದೇ ಭಾಗ ಹುಡುಕುವುದಕ್ಕಿಂತ ಇಡೀ ಲಾಕ್ ಬದಲಿಸುವುದು ಎಷ್ಟೋ ಸಲ ಸುಲಭ. ಎಲ್ ಅಂಡ್ ಆರ್ ಕಂಪನಿ ಇಂಥ ಕಾರ್ಖಾನೆ ಕೋವಿಗಳಿಗೆಂದೇ ಬದಲಿ ಲಾಕ್‌ಗಳನ್ನು ಮಾಡಿದೆ. ನೇರವಾಗಿ ಕೂರುತ್ತದೆ ಎಂದು ಬರೆದಿದ್ದರೂ ಮರವನ್ನು ಸ್ವಲ್ಪ ಕೆತ್ತಬೇಕಾಗುತ್ತದೆ. ಯಾವ ಲಾಕ್, ಕೋವಿ ತಂದರೂ ನಿಮ್ಮಲ್ಲಿನ ಪರವಾನಗಿ ನಿಯಮ ನೋಡಿಕೊಂಡೇ ತನ್ನಿ.

ಅಳತೆಗೋಲು

ಹಾಫ್ ಕಾಕ್ ವಿಷಯಕ್ಕೆ. ಟಂಬ್ಲರ್ ಮತ್ತು ಅದರ ಕಚ್ಚಿಗೆ ಸಿಕ್ಕಿ ಹ್ಯಾಮರನ್ನು ತಡೆದು ನಿಲ್ಲಿಸುವ ಸಿಯರ್, ಇವುಗಳ ಗಟ್ಟಿತನ ಬಹಳ ಲಾಕ್‌ಗಳಲ್ಲಿ ಮೇಲಿನ ತೆಳು ಪದರದಲ್ಲಷ್ಟೇ ಇರುತ್ತದೆ. ಅರ ಆಡಿಸಿದರೆ ಆ ಪದರ ಹೋಗಿ ಒಳಗಿನ ಮೆದು ಉಕ್ಕು ಹೊರಬರುತ್ತದೆ. ಒಂದಷ್ಟು ದಿನ ಚೆನ್ನಾಗಿಯೇ ನಿಂತು, ಆಮೇಲೆ ಸವೆದು, ಕೈಯಲ್ಲಿರುವಾಗ ಜಾರುತ್ತದೆ. ಕಚ್ಚು ನಿಜಕ್ಕೂ ಮುರಿದಿದ್ದರೆ ಟಂಬ್ಲರ್ ಮತ್ತು ಸಿಯರನ್ನು ಜೋಡಿಯಾಗಿಯೇ ಬದಲಿಸಿ. ಟ್ರಿಗರ್ ಎರಡಿದ್ದರೆ ಟಂಬ್ಲರ್‌ನಲ್ಲಿ ಫ್ಲೈ ಎಂಬ ಪುಟ್ಟ ತುಂಡು ಇರಬೇಕು. ಹ್ಯಾಮರ್ ಬೀಳುವಾಗ ಸಿಯರ್ ಹಾಫ್ ಕಾಕ್ ಕಚ್ಚಿಗೆ ಬಡಿಯದಂತೆ ತಡೆಯುವುದು ಅದೇ. ಬಿಚ್ಚುವಾಗ ಕಳೆದುಹೋಗುವುದೂ ಅದೇ.

ಆದರೆ ‘ಕೆಲವೊಮ್ಮೆ ನಿಲ್ಲುತ್ತದೆ, ಕೆಲವೊಮ್ಮೆ ಜಾರುತ್ತದೆ’ ಎಂದಿರಲ್ಲ, ಅಲ್ಲಿ ಕಚ್ಚಿಗಿಂತ ಮರದ ಮೇಲೆ ಅನುಮಾನ. ಬಿರುಕಿನ ಸ್ಪ್ರಿಂಗ್ ಇನ್ನೂ ಒಂದಾಗಿದ್ದರೆ, ಲಾಕನ್ನು ಮರದಿಂದ ಹೊರತೆಗೆದು, ಹ್ಯಾಮರನ್ನು ಹೆಬ್ಬೆರಳಿನಲ್ಲಿ ಹಿಡಿದೇ ನಿಧಾನ ಹಾಫ್ ಕಾಕ್‌ಗೆ ತನ್ನಿ. ಹೊರಗೆ ಗಟ್ಟಿಯಾಗಿ ನಿಂತು ಒಳಗೆ ಜಾರಿದರೆ ಭಾಗಗಳು ಸರಿಯಿವೆ, ಸಿಯರ್‌ನ ತೋಳನ್ನು ಏನೋ ತಡೆಯುತ್ತಿದೆ.

ಕರಿಮದ್ದು

ನಳಿಕೆ ಖಾಲಿ. ನಿಪಲ್ 5.9 ಮಿ.ಮೀ., ಐದು ಪಿಚ್‌ಗೆ ಸರಿಯಾಗಿ 5. ಲಾಕ್ ಹೊರಗಿದ್ದಾಗ ಹಾಫ್ ಕಾಕ್ ಪ್ರತಿ ಸಲವೂ ನಿಲ್ಲುತ್ತದೆ. ಡ್ರಮ್‌ನ ಥ್ರೆಡ್ ಮಾತ್ರ ಮೇಲಿನ ಎರಡು ಸುತ್ತು ಸವೆದಿದೆ. 1/4-28 ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ದೊಡ್ಡದು ಮಾಡಬಹುದೇ?

ಅಳತೆಗೋಲು

ಬೇಡ. ಎಂ6 ಥ್ರೆಡ್‌ನ ತಗ್ಗುಗಳು 6 ಮಿ.ಮೀ.ವರೆಗೆ ಕೊರೆದಿರುತ್ತವೆ, 1/4-28ಕ್ಕೆ ತೂತು ಇರಬೇಕಾದದ್ದು ಸುಮಾರು 5.4. ಬೇರೆ ಪಿಚ್‌ನ ಹಳೆಯ ತಗ್ಗುಗಳ ಮೇಲೆ ಹೊಸ ಥ್ರೆಡ್ ಅರ್ಧಂಬರ್ಧ ಮೂಡುತ್ತದೆ. ಹಳೆಯದು ಪೂರ್ತಿ ಅಳಿಯಬೇಕಾದರೆ 6.9 ಮಿ.ಮೀ. ಕೊರೆದು 5/16-24ಕ್ಕೇ ಹೋಗಬೇಕು, ಆ ಥ್ರೆಡ್‌ನ ನಿಪಲ್ ಸಿಗುತ್ತದೆ. ಸುತ್ತ ಉಳಿಯುವ ಗೋಡೆ ಸಾಕೇ, ನಿಪಲ್‌ನ ಭುಜ ಕೂರುವ ಮುಖ ಸಮವಾಗಿದೆಯೇ ಎಂಬುದನ್ನು ಕೋವಿ ರಿಪೇರಿ ಬಲ್ಲವರೇ ನೋಡಿ ಮಾಡಬೇಕು. ಗೋಡೆ ಸಾಲದಿದ್ದರೆ ಡ್ರಮ್ ಬದಲಿಸುವುದೊಂದೇ ದಾರಿ. ಅದಾಗುವವರೆಗೆ ಈಡು ಹಾರಿಸಬೇಡಿ.

ಹೊಸ ನಿಪಲ್‌ನ ಬೆಂಕಿತೂತು 0.7ರಿಂದ 0.8 ಮಿ.ಮೀ. ಇರಲಿ. ಹ್ಯಾಮರ್ ಎಗರುವುದು ನಿಂತಿತೆಂದರೆ ತೂತೇ ಕಾರಣವಾಗಿತ್ತು. ಎತ್ತರ ಹಳೆಯದರಷ್ಟೇ ಇರಬೇಕು. ಗಿಡ್ಡವಾದರೆ ಹೊಡೆತ ಕೇಪಿಗೆ ಬೀಳುವ ಬದಲು ಲಾಕ್‌ನ ಒಳಭಾಗಕ್ಕೆ ಬೀಳುತ್ತದೆ.

ಚಾಪೆಲೆ

ಸಿಯರ್‌ನ ತೋಳಿಗೆ ದೀಪದ ಮಸಿ ಹಚ್ಚಿ, ಲಾಕ್ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಹಾಫ್ ಕಾಕ್‌ಗೆ ತಂದು ಮತ್ತೆ ಬಿಚ್ಚಿ. ಮರದಲ್ಲಿ ಮಸಿ ಅಂಟಿದ ಜಾಗವನ್ನಷ್ಟೇ ಕೂದಲೆಳೆಯಷ್ಟು ಕೆರೆಯಿರಿ. ಗುರುತು ಟ್ರಿಗರ್ ಪಟ್ಟಿಯ ಮೇಲಿದ್ದರೆ ಮರ ಮುಟ್ಟಬೇಡಿ. ಲಾಕ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ನೋಡಿ, ಅತಿ ಬಿಗಿಯಿಂದಲೇ ತೋಳು ಪಟ್ಟಿಗೆ ಒತ್ತಿಕೊಂಡಿರಬಹುದು.

ಗಜಕ್ಕೆ 3/8 ಇಂಚಿನ ಹಿಕರಿ ಕಡ್ಡಿ, ಎಳೆ ಈ ತುದಿಯಿಂದ ಆ ತುದಿಗೆ ನೇರ ಹೋಗಿರುವುದು. ಎಳೆ ಓರೆಯಾಗಿ ಹೊರಬಿದ್ದ ಕಡ್ಡಿ ಈಡು ಗಿಡಿಯುವಾಗ ಚೂಪಾಗಿ ಮುರಿದು ಅಂಗೈಗೆ ನುಗ್ಗುತ್ತದೆ. ಹಿತ್ತಾಳೆ ತುದಿಯನ್ನು ಎಪಾಕ್ಸಿಯಿಂದ ಅಂಟಿಸಿದ ಮೇಲೆ ಅಡ್ಡಲಾಗಿ 2 ಮಿ.ಮೀ. ಪಿನ್ ಹೊಡೆಯಿರಿ, ಬರೀ ಅಂಟನ್ನು ನಂಬಿದರೆ ತುದಿ ನಳಿಕೆಯೊಳಗೇ ಉಳಿಯುತ್ತದೆ. ತುದಿಯ ಥ್ರೆಡ್ 10-32 ಅಥವಾ 8-32 ಇರುತ್ತದೆ, ನಿಮ್ಮಲ್ಲಿರುವ ಒರೆಸುವ ಜಾಗ್‌ಗೆ ಹೊಂದುವುದನ್ನೇ ಆರಿಸಿ.