ನ್ಯೂಲಿಬ್ ಹಂತದಲ್ಲಿ ಆರ್ಮ್ ಕ್ರಾಸ್ ಕಂಪೈಲರ್ ನಿಲ್ತಾ ಉಂಟು, ಎಂತ ಮಾಡುವುದು?

ಪೆರ್ಲ_ಬೋರ್ಡು:
ಅಡಿಕೆ ತೋಟದ ಸ್ಪ್ರಿಂಕ್ಲರ್ ಪಂಪಿಗೆ ಎಸ್‌ಟಿಎಂ32ಎಫ್407 ಬೋರ್ಡಿನ ಕಂಟ್ರೋಲರ್. ಲ್ಯಾಪ್‌ಟಾಪಿನಲ್ಲಿ ಓಡಿ ಆರ್ಮ್ ಚಿಪ್ಪಿಗೆ ಕೋಡ್ ಮಾಡಿಕೊಡುವ ಕ್ರಾಸ್ ಕಂಪೈಲರನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡ್ತಾ ಇದ್ದೇನೆ. ಉಬುಂಟು ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಟಾರ್ಗೆಟ್ ಆರ್ಮ್-ನನ್-ಈಎಬಿಐ (ಓಎಸ್ ಇಲ್ಲದ ಆರ್ಮ್ ಚಿಪ್).

ಬಿನ್‌ಯುಟಿಲ್ಸ್‌ಗೆ (ಅಸೆಂಬ್ಲರ್, ಲಿಂಕರ್ ಇರುವ ಕಟ್ಟು) ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಫೋಲ್ಡರ್) ಕೊಟ್ಟಿಲ್ಲ, /ಯುಎಸ್ಆರ್/ಲೋಕಲ್‌ನಲ್ಲಿ ಉಂಟು. ಜಿಸಿಸಿ 13 ಕಂಪೈಲರಿನ ಮೊದಲ ಹಂತ (ಸಿ ಭಾಷೆ ಮಾತ್ರ, ವಿದೌಟ್-ಹೆಡರ್ಸ್, ವಿದ್-ನ್ಯೂಲಿಬ್) ಲಿಬ್‌ಜಿಸಿಸಿ (ಕಂಪೈಲರಿನ ಸ್ವಂತ ಸಹಾಯಕ ಲೈಬ್ರರಿ) ಸಮೇತ ಮುಗಿದು /ಆಪ್ಟ್/ಆರ್ಮ್‌ನಲ್ಲಿ ಕೂತಿದೆ. ನ್ಯೂಲಿಬ್‌ಗೆ (ಚಿಕ್ಕ ಬೋರ್ಡುಗಳ ಸಿ ಲೈಬ್ರರಿ) ಮೇಕ್ ಕೊಟ್ಟ ಕೂಡಲೇ «ಆಬ್ಜೆಕ್ಟ್ ಫೈಲಿನ ಸಫಿಕ್ಸ್ ಗೊತ್ತಾಗಲಿಲ್ಲ» ಅಂತ ನಿಲ್ತದೆ. ಕಾನ್ಫಿಗ್.ಲಾಗ್‌ನಲ್ಲಿ ಇರುವುದು: «ಫೇಟಲ್ ಎರರ್: ಇನ್‌ವ್ಯಾಲಿಡ್ -ಮಾರ್ಚ್= ಆಪ್ಷನ್: ಆರ್ಮ್‌ವಿ4ಟಿ». ಆರ್ಮ್-ನನ್-ಈಎಬಿಐ-ಎಎಸ್ ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ಸಿಗ್ತದೆ, ಹಾಗಾಗಿ ಅಸೆಂಬ್ಲರ್ ಇಲ್ಲ ಅನ್ನುವಂತಿಲ್ಲ.

ಕುಂಬ್ಳೆ_ಲಿನಕ್ಸ್:
ಅಸೆಂಬ್ಲರ್ ಉಂಟು ಮಾರಾಯ್ರೇ, ಜಿಸಿಸಿ ಹುಡುಕುವ ಜಾಗದಲ್ಲಿ ಇಲ್ಲ. ಇನ್‌ಸ್ಟಾಲ್ ಆದ ಜಿಸಿಸಿ ಆ ಉದ್ದದ ಹೆಸರನ್ನು ಪಾತ್‌ನಲ್ಲಿ ಹುಡುಕುವುದಿಲ್ಲ. ತನ್ನ ಪ್ರಿಫಿಕ್ಸ್‌ನ ಒಳಗೆ /ಆಪ್ಟ್/ಆರ್ಮ್/ಆರ್ಮ್-ನನ್-ಈಎಬಿಐ/ಬಿನ್/ಎಎಸ್ ಇದೆಯಾ ಅಂತ ನೋಡ್ತದೆ. ಅಲ್ಲಿ ಸಿಗದಿದ್ದರೆ ಬರೀ «ಎಎಸ್» ಅಂತ ಕರೀತದೆ, ಆಗ ಲ್ಯಾಪ್‌ಟಾಪಿನ ಇಂಟೆಲ್ ಅಸೆಂಬ್ಲರ್ ಬರ್ತದೆ. ಅದಕ್ಕೆ ಆರ್ಮ್‌ವಿ4ಟಿ ಎಲ್ಲಿಂದ ಗೊತ್ತಾಗಬೇಕು? ಹಳೆಯ ಜಿಸಿಸಿಗಳಲ್ಲಿ ಇದೇ ತೊಂದರೆ «-ಎಂಈಎಬಿಐ=5 ಗೊತ್ತಿಲ್ಲ» ಅಂತ ಕಾಣ್ತದೆ.

ಲಿಬ್‌ಜಿಸಿಸಿ ಹೇಗೆ ಮುಗಿಯಿತು ಅಂದರೆ, ಬಿಲ್ಡ್ ಫೋಲ್ಡರಿನೊಳಗೆ ಕಾನ್ಫಿಗರ್ ಒಂದು ಚಿಕ್ಕ ಎಎಸ್ ಸ್ಕ್ರಿಪ್ಟ್ ಇಟ್ಟಿರ್ತದೆ. ಅದು ಪಾತ್‌ನಲ್ಲಿ ಸಿಕ್ಕ ಸರಿಯಾದ ಅಸೆಂಬ್ಲರನ್ನೇ ಕರೀತದೆ. ಇನ್‌ಸ್ಟಾಲ್ ಆದ ಮೇಲೆ ಆ ಆಸರೆ ಇಲ್ಲ.

ಖಾತ್ರಿಗೆ ಆರ್ಮ್-ನನ್-ಈಎಬಿಐ-ಜಿಸಿಸಿಗೆ -ಪ್ರಿಂಟ್-ಪ್ರಾಗ್-ನೇಮ್=ಎಎಸ್ ಕೊಡಿ. ಪೂರ್ತಿ ದಾರಿ ಬಂದರೆ ಸರಿ, ಬರೀ «ಎಎಸ್» ಬಂದರೆ ನಾನು ಹೇಳಿದ್ದೇ. ಬಿನ್‌ಯುಟಿಲ್ಸನ್ನು ಖಾಲಿ ಬಿಲ್ಡ್ ಫೋಲ್ಡರಿನಲ್ಲಿ --ಪ್ರಿಫಿಕ್ಸ್=/ಆಪ್ಟ್/ಆರ್ಮ್ ಕೊಟ್ಟು ಮತ್ತೆ ಮಾಡಿ. ಟಾರ್ಗೆಟ್ ಹೆಸರು ಅಕ್ಷರಶಃ ಒಂದೇ ಇರಲಿ. ಆರ್ಮ್-ಈಎಬಿಐ ಅಂತ ಬರೆದರೆ ಫೋಲ್ಡರೇ ಬೇರೆಯಾಗ್ತದೆ.

ಮಂಜೇಶ್ವರ_ಎಂಬೆಡೆಡ್:
ಮೇಲಿನದ್ದು ಸರಿ, ಆದರೆ ಜಿಸಿಸಿಯನ್ನೂ ಈಗಲೇ ಮತ್ತೆ ಕಾನ್ಫಿಗರ್ ಮಾಡಿ. ಲಾಗ್‌ನಲ್ಲಿ ಆರ್ಮ್‌ವಿ4ಟಿ (ಏನೂ ಹೇಳದಿದ್ದರೆ ಜಿಸಿಸಿ ಹಿಡಿಯುವ ಹಳೆಯ ಆರ್ಮ್ ಬಗೆ) ಅಂತ ಬಂತಲ್ಲ, ಯಾವ ಸಿಪಿಯು ಅಂತ ನೀವು ಹೇಳಿಲ್ಲ ಅಂತಲೇ ಅರ್ಥ. ಎಫ್407 ಕಾರ್ಟೆಕ್ಸ್-ಎಂ4, ಸಿಂಗಲ್ ಪ್ರಿಸಿಷನ್ ಎಫ್‌ಪಿಯು (ದಶಮಾಂಶ ಲೆಕ್ಕದ ಘಟಕ) ಉಂಟು. ಹೀಗೇ ಮುಂದುವರಿದರೆ ನ್ಯೂಲಿಬ್ ಚೆನ್ನಾಗಿ ಬಿಲ್ಡ್ ಆದೀತು, -ಎಂಫ್ಲೋಟ್-ಎಬಿಐ=ಹಾರ್ಡ್ (ದಶಮಾಂಶ ಸಂಖ್ಯೆಗಳನ್ನು ಎಫ್‌ಪಿಯು ರಿಜಿಸ್ಟರಿನಲ್ಲೇ ದಾಟಿಸುವ ಆಯ್ಕೆ) ಹಾಕಿ ಲಿಂಕ್ ಮಾಡುವಾಗ «ಯೂಸಸ್ ವಿಎಫ್‌ಪಿ ರಿಜಿಸ್ಟರ್ ಆರ್ಗ್ಯುಮೆಂಟ್ಸ್» ಅಂತ ಗಂಟು ಬೀಳ್ತದೆ.

ಒಂದೇ ಬೋರ್ಡಾದರೆ: --ಡಿಸೇಬಲ್-ಮಲ್ಟಿಲಿಬ್ --ವಿದ್-ಸಿಪಿಯು=ಕಾರ್ಟೆಕ್ಸ್-ಎಂ4 --ವಿದ್-ಮೋಡ್=ಥಂಬ್ --ವಿದ್-ಫ್ಲೋಟ್=ಹಾರ್ಡ್ --ವಿದ್-ಎಫ್‌ಪಿಯು=ಎಫ್‌ಪಿವಿ4-ಎಸ್‌ಪಿ-ಡಿ16. ಬೇರೆ ಬೋರ್ಡುಗಳೂ ಬರುವುದಿದ್ದರೆ --ವಿದ್-ಮಲ್ಟಿಲಿಬ್-ಲಿಸ್ಟ್=ಆರ್‌ಎಂಪ್ರೊಫೈಲ್. ಅದರಲ್ಲಿ ಲೈಬ್ರರಿ ಹತ್ತಕ್ಕೂ ಹೆಚ್ಚು ಬಗೆಯಲ್ಲಿ ಆಗಬೇಕು, ತುಂಬ ಹೊತ್ತು ಹಿಡೀತದೆ. ಎರಡರಲ್ಲಿ ಯಾವುದಾದರೂ ಜಿಸಿಸಿಯ ಎರಡೂ ಹಂತಕ್ಕೆ (ಈಗಿನ ಮೊದಲ ಹಂತ, ನ್ಯೂಲಿಬ್ ಆದ ಮೇಲಿನ ಪೂರ್ತಿ ಜಿಸಿಸಿ) ಅದನ್ನೇ ಕೊಡಿ. ನ್ಯೂಲಿಬ್‌ಗೆ ಬೇಡ, ಅದು ಜಿಸಿಸಿಯನ್ನೇ ಕೇಳಿಕೊಳ್ತದೆ.

ಕೊನೆಗೆ ಲಿಬ್‌ಸಿ.ಎ ಮೇಲೆ ರೀಡೆಲ್ಫ್ -ಎ (ದೊಡ್ಡಕ್ಷರದ ಎ) ಓಡಿಸಿ. ಟ್ಯಾಗ್_ಎಬಿಐ_ವಿಎಫ್‌ಪಿ_ಆರ್ಗ್ಸ್ ಕಂಡರೆ ಹಾರ್ಡ್ ಫ್ಲೋಟ್ ಬಂದಿದೆ.

ಪೆರ್ಲ_ಬೋರ್ಡು:
ಪ್ರಿಂಟ್-ಪ್ರಾಗ್-ನೇಮ್ ಬರೀ «ಎಎಸ್» ಅಂತಲೇ ಹೇಳಿತು. ಬಿನ್‌ಯುಟಿಲ್ಸ್, ಜಿಸಿಸಿ ಎರಡೂ ಹೊಸತಾಗಿ ಮಾಡಿದೆ, ನ್ಯೂಲಿಬ್ ಮೇಕ್ ಪೂರ್ತಿಯಾಯಿತು. ಸುಡೋ ಮೇಕ್ ಇನ್‌ಸ್ಟಾಲ್ ಕೊಟ್ಟರೆ ಈಗ ಆರ್ಮ್-ನನ್-ಈಎಬಿಐ-ರ‍್ಯಾನ್‌ಲಿಬ್ ಇಲ್ಲ ಅಂತದೆ.

ಕುಂಬ್ಳೆ_ಲಿನಕ್ಸ್:
ಸುಡೋ ನಿಮ್ಮ ಪಾತ್ ಬಿಟ್ಟು ತನ್ನದೇ ಪಾತ್ ಹಿಡೀತದೆ, ಅದರಲ್ಲಿ /ಆಪ್ಟ್/ಆರ್ಮ್/ಬಿನ್ ಇಲ್ಲ. /ಆಪ್ಟ್/ಆರ್ಮ್ ಫೋಲ್ಡರನ್ನು ಚೌನ್ -ಆರ್ (ದೊಡ್ಡಕ್ಷರದ ಆರ್) ಹಾಕಿ ನಿಮ್ಮ ಹೆಸರಿಗೆ ಮಾಡಿಕೊಂಡು ಸುಡೋ ಇಲ್ಲದೆ ಇನ್‌ಸ್ಟಾಲ್ ಮಾಡಿ.

ಜಿಸಿಸಿಯ ಎರಡನೇ ಹಂತಕ್ಕೆ 4 ಜಿಬಿಯಲ್ಲಿ ಮೇಕ್ -ಜೆ2 (ಒಟ್ಟಿಗೆ ಎರಡೇ ಕೆಲಸ) ಸಾಕು. -ಜೆ8 ಹಾಕಿದರೆ ಮೆಮೊರಿ ತುಂಬಿ ಸಿಸಿ1ಪ್ಲಸ್ (ಸಿ++ ಕಂಪೈಲರ್) «ಕಿಲ್ಡ್» ಆಗ್ತದೆ, ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಅದರ ಗುರುತು ಇರ್ತದೆ. ಮತ್ತೆ ನಮ್ಮ ಕಡೆ ಮಳೆಗಾಲದ ಕರೆಂಟಿನ ಕಥೆ ಗೊತ್ತಲ್ಲ. ಬ್ಯಾಟರಿ ಸತ್ತು ಮೆಷಿನ್ ಆಫ್ ಆದರೆ ಕೆಲವು .ಒ ಫೈಲು ಸೊನ್ನೆ ಬೈಟಿಗೆ ನಿಂತಿರ್ತವೆ. ಮೇಕ್ ಅವನ್ನು ಮುಗಿದ ಕೆಲಸ ಅಂತ ತಿಳಿದು ಮುಂದೆ ಹೋಗ್ತದೆ, ಆಮೇಲೆ ಲಿಂಕರ್ «ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಸ್ಡ್» ಅಂತದೆ. ಫೈಂಡ್‌ಗೆ -ಸೈಜ್ 0 ಕೊಟ್ಟು ಆ .ಒ ಫೈಲುಗಳನ್ನು ಅಳಿಸಿ ಮೇಕ್ ಮತ್ತೆ ಓಡಿಸಿ, ಉಳಿದದ್ದನ್ನು ಅದೇ ನೋಡಿಕೊಳ್ತದೆ.