ಏಪ್ರಿಲ್‌ನ ಸಸ್ಕ್ವೆಹಾನಾ: ಬ್ಯಾಸ್, ಕ್ಯಾಟ್‌ಫಿಶ್ ಎರಡಕ್ಕೂ ಒಂದೇ ರಾಡ್ ಸಾಕಾ?

ಹೊಳೆದಂಡೆ:
ಹ್ಯಾರಿಸ್‌ಬರ್ಗ್ (ಅಮೆರಿಕದ ಪೆನ್ಸಿಲ್ವೇನಿಯಾ) ಹತ್ತಿರ, ಸಸ್ಕ್ವೆಹಾನಾ ಹೊಳೆ ದಡದಿಂದಲೇ ಗಾಳ. ಇರೋದು 7 ಅಡಿ ಮೀಡಿಯಂ ಸ್ಪಿನ್ನಿಂಗ್ ರಾಡ್, 10 ಪೌಂಡ್ ತಾಳೋ ಬ್ರೇಡ್ (ಹೆಣೆದ ದಾರ). ನೀರು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಸ್ವಲ್ಪ ರಾಡಿ. ಎಷ್ಟು ದೂರ ಎಸೆದರೂ ಸ್ಮಾಲ್‌ಮೌತ್ (ಬ್ಯಾಸ್‌ನಲ್ಲೇ ಒಂದು ಜಾತಿ) ಕಚ್ಚುತ್ತಿಲ್ಲ. ಕ್ಯಾಟ್‌ಫಿಶ್ ಎಳೆದು ಬಿಟ್ಟುಹೋಗುತ್ತೆ. ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಗಾಳ) ಹಾಕಿದ್ದೀನಿ, ಎಳೆದ ಕೂಡಲೇ ಜಗ್ಗುತ್ತೀನಿ. ಎಲ್ಲಿ ತಪ್ಪುತ್ತಿದೆ?

ಕಲ್ಲುಮಡು:
ದೂರ ಎಸೆಯೋದೇ ತಪ್ಪು ಸರ್. ತಣ್ಣೀರಲ್ಲಿ ಸ್ಮಾಲ್‌ಮೌತ್ ಸೆಳವಿಗೆ ಎದುರು ನಿಲ್ಲಲ್ಲ. ಓಡೋ ನೀರು, ನಿಂತ ನೀರು ಕೂಡೋ ಗೆರೆ ಹುಡುಕಿ, ನೊರೆ, ಕಸ ಸಾಲಾಗಿ ಹೋಗ್ತಿರುತ್ತೆ. ಹೊಳೆ ಏರಿದಾಗ ಅದು ದಡಕ್ಕೆ ತೀರಾ ಹತ್ತಿರ ಬರುತ್ತೆ. ದ್ವೀಪಗಳ ಕೆಳತುದಿ, ವೆಸ್ಟ್ ಫೇರ್‌ವ್ಯೂನಲ್ಲಿ ಕೊನೊಡೊಗ್ವಿನೆಟ್ ತೊರೆ ಬಂದು ಸೇರೋ ಜಾಗ, ಇಂಥಲ್ಲಿ ನೋಡಿ.

ಮೂರೂವರೆ ಇಂಚಿನ ಟ್ಯೂಬ್ (ಮೆತ್ತನೆ ಪ್ಲಾಸ್ಟಿಕ್ ಆಮಿಷ), 1/8 ಔನ್ಸ್ ಜಿಗ್ (ತಲೆಗೆ ತೂಕ ಇರೋ ಗಾಳ); ಸೆಳವು ಜೋರಿದ್ದರೆ 1/4. ಬ್ರೇಡ್ ತುದಿಗೆ 3–4 ಅಡಿ, 8 ಪೌಂಡ್ ಫ್ಲೋರೋಕಾರ್ಬನ್ ದಾರ ಕಟ್ಟಿ. ಗೆರೆಗಿಂತ ಮೇಲ್ಗಡೆ ಎಸೆದು, ತಳ ತಾಗಿಸಿ, ದಾರ ಸಡಿಲ ಬಿಡದೆ ನೀರೇ ಹೊತ್ತು ತರಲಿ. ಪದೇ ಪದೇ ಕಲ್ಲಿಗೆ ಸಿಕ್ಕಿಕೊಂಡರೆ ತೂಕ ಇಳಿಸಿ. ಜರ್ಕ್‌ಬೈಟ್ (ಮೀನಿನಾಕಾರದ ಗಟ್ಟಿ ಆಮಿಷ) ಆದರೆ ಎರಡು ಸಲ ಜಗ್ಗಿ 8–10 ಸೆಕೆಂಡ್ ಸುಮ್ಮನಿರಿ, ಹೆಚ್ಚಾಗಿ ಕಚ್ಚೋದು ಅದು ನಿಂತಾಗಲೇ. ಬೇಸಿಗೆಯ ಚುರುಕು ಈಗ ತೋರಿಸಿದರೆ ಮೀನು ತಿರುಗಿಯೂ ನೋಡಲ್ಲ.

ರಾತ್ರಿಗಾಳ:
ಕ್ಯಾಟ್‌ಫಿಶ್‌ಗೆ ಆ ರಾಡ್ ಬೇಡ. 2 ಔನ್ಸ್ ಸೀಸ ಎಸೆಯೋಕೆ ಹೋದರೆ ಮುರಿದೀತು. ಮೀಡಿಯಂ ಹೆವಿ ರಾಡ್, 30 ಪೌಂಡ್ ಬ್ರೇಡ್ ತಗೊಳ್ಳಿ.

ಬಿಟ್ಟುಹೋಗೋದಕ್ಕೆ ಕಾರಣ ನಿಮ್ಮ ಜಗ್ಗಾಟ. ಸರ್ಕಲ್ ಹುಕ್ ಜಗ್ಗಿದರೆ ಬಾಯಿಂದ ಜಾರಿ ಬರುತ್ತೆ. ರಾಡ್ ಪೂರ್ತಿ ಬಾಗೋವರೆಗೂ ಕಾದು, ನಿಧಾನ ಸುತ್ತಿ. ಗಾಳ ತಾನೇ ತಿರುಗಿ ದವಡೆ ಮೂಲೆಗೆ ಕೂರುತ್ತೆ. ಸೀಸ ಕಟ್ಟಿಹಾಕಬೇಡಿ, ದಾರದ ಮೇಲೆ ಜಾರಲಿ. ಮೊದಲು ಚಪ್ಪಟೆ ಸೀಸ, ಆಮೇಲೆ ಮಣಿ, ಸ್ವಿವೆಲ್ (ತಿರುಗೋ ಕೊಂಡಿ), ಅದಕ್ಕೆ 15 ಇಂಚು ಉದ್ದದ 25 ಪೌಂಡ್ ಮೊನೊ (ಒಂಟಿ ಎಳೆ ದಾರ), ಕೊನೆಗೆ 5/0 ಅಳತೆಯ ಗಾಳ. ಹಸಿ ಸಕ್ಕರ್ ಮೀನಿನ ತುಂಡು ಹೆಬ್ಬೆರಳಷ್ಟು ಸಾಕು. ಗಾಳದ ಮೊನೆ ಮುಚ್ಚಿಹೋದರೆ ಎಲ್ಲಾ ದಂಡ. ಕೋಳಿ ಲಿವರ್ ಎಸೆದಾಗ ಕಳಚಿಬೀಳುತ್ತೆ, ನೂಲು ಸುತ್ತಿ. ನೀರು 60 ಡಿಗ್ರಿ ದಾಟಿದ ಮೇಲೆ ಸಂಜೆಗೆ ಬನ್ನಿ, ಈಗಿನದು ಬರೀ ಚಿಲ್ಲರೆ ಕಡಿತ.

ಕಲ್ಲುಮಡು:
ಒಂದು ಸೇರಿಸ್ತೀನಿ. ಈ ಹೊಳೆಯಲ್ಲಿ, ನಿಮ್ಮ ಜಾಗವೂ ಸೇರಿ, ಸನ್‌ಬರಿಯಿಂದ ಹೋಲ್ಟ್‌ವುಡ್ ಅಣೆಕಟ್ಟಿನವರೆಗೆ ಬ್ಯಾಸ್ ವರ್ಷವಿಡೀ ಹಿಡಿದ ಕೂಡಲೇ ಬಿಡಬೇಕು. ಕಣ್ಣಿಗೆ ಕಾಣುವ ಬ್ಯಾಸ್ ಮೊಟ್ಟೆಗೂಡಿನ ಮೇಲೆ ಮತ್ತೆ ಮತ್ತೆ ಎಸೆಯೋದೂ ಕಾನೂನುಬಾಹಿರ. 16 ತುಂಬಿದವರಿಗೆ ಲೈಸೆನ್ಸ್ ಬೇಕು. ಕಯಾಕ್ ಇಳಿಸೋದಾದರೆ ಏಪ್ರಿಲ್ 30ರವರೆಗೆ ಲೈಫ್ ಜಾಕೆಟ್ ಮೈಮೇಲೇ ಇರಬೇಕು. ಡಾಕ್ ಸ್ಟ್ರೀಟ್ ಅಣೆಕಟ್ಟಿನ ಹತ್ತಿರಕ್ಕಂತೂ ಹೋಗಲೇಬೇಡಿ: ಮೇಲಿಂದ ತಗ್ಗು ಒಡ್ಡಿನಂತೆ ಕಾಣುತ್ತೆ, ಕೆಳಗೆ ನೀರು ಹಿಂದಕ್ಕೆ ಸುತ್ತಿ ದೋಣಿಯನ್ನೇ ಒಳಗೆಳೆಯುತ್ತೆ.

ಹೊಳೆದಂಡೆ:
ಕ್ಯಾಟ್‌ಫಿಶ್ ಸಾರು ಮಾಡಬಹುದಾ?

ರಾತ್ರಿಗಾಳ:
ಮಾಡಬಹುದು. ಹೊಳೆ ಮೀನು ವಾರಕ್ಕೆ ಒಂದೇ ಊಟ ಅಂತ ರಾಜ್ಯದ ಸಾಮಾನ್ಯ ಸಲಹೆ. ಹೊಟ್ಟೆಭಾಗದ ಕೊಬ್ಬು, ಚರ್ಮ ತೆಗೆದುಬಿಡಿ. ದೊಡ್ಡದಕ್ಕಿಂತ ಎರಡು–ಮೂರು ಪೌಂಡಿನದೇ ರುಚಿ.